ಸ್ಮಾರ್ಟ್ ಬೋರ್ಡ್ ಬಂದ ಮೇಲೂ ಮಕ್ಕಳ ಉತ್ತರ ಬದಲಾಗಲಿಲ್ಲ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವರ್ಷ ನಮ್ಮ ತರಗತಿಗೆ ಸ್ಮಾರ್ಟ್ ಬೋರ್ಡ್ ಮತ್ತು ಇಂಟರ್ನೆಟ್ ಸಂಪರ್ಕ ಎರಡೂ ಬಂದವು. ಅದಕ್ಕೆ ಮೊದಲು ವಿದ್ಯುತ್ತಿನ ಪಾಠವನ್ನು ಕರಿಹಲಗೆಯ ಮೇಲೆ ಚಿತ್ರ ಬರೆದು, ಕೈಯಲ್ಲಿ ಒಂದು ಬ್ಯಾಟರಿ, ಎರಡು ಬಲ್ಬು ಹಿಡಿದು ಮಾಡುತ್ತಿದ್ದೆ. ಈ ಬಾರಿ ಎರಡು ಸಂಜೆ ಕುಳಿತು ಹುಡುಕಿ, ತಂತಿಯೊಳಗೆ ಎಲೆಕ್ಟ್ರಾನುಗಳು ಸಾಗುವುದನ್ನು ಬಹಳ ಚೆನ್ನಾಗಿ ತೋರಿಸುವ ಒಂದು ಅನಿಮೇಶನ್ ವಿಡಿಯೊವನ್ನು ಆರಿಸಿಕೊಂಡೆ. ಇಡೀ ತರಗತಿ ರೆಪ್ಪೆ ಬಡಿಯದೆ ನೋಡಿತು. "ಅರ್ಥವಾಯಿತೇ?" ಎಂದು ಕೇಳಿದಾಗ "ಆಯಿತು ಮಿಸ್" ಎಂಬ ಉತ್ತರ ಒಂದೇ ದನಿಯಲ್ಲಿ ಬಂತು.

ಮೂರು ವಾರದ ಬಳಿಕ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟೆ: ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ನಂತರ ಒಂದರಂತೆ, ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶವಾಗಿ ಉರಿಯುತ್ತದೆ, ಏಕೆ? ಅರ್ಧಕ್ಕಿಂತ ಹೆಚ್ಚು ಮಕ್ಕಳು "ಮೊದಲನೆಯ ಬಲ್ಬು, ಏಕೆಂದರೆ ವಿದ್ಯುತ್ ಮೊದಲು ಅದಕ್ಕೆ ಸಿಗುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ" ಎಂದು ಬರೆದಿದ್ದರು. ಸೀಮೆಸುಣ್ಣ ಹಿಡಿದು ಪಾಠ ಮಾಡುತ್ತಿದ್ದ ವರ್ಷಗಳಲ್ಲಿಯೂ ನನಗೆ ಸಿಗುತ್ತಿದ್ದುದು ಇದೇ ಉತ್ತರ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮಣ್ಣಿನ ಸವಕಳಿಯ ಬಗ್ಗೆ ಅಂತರ್ಜಾಲದಲ್ಲಿ ಹುಡುಕಿ ಎರಡು ಪುಟ ಬರೆದು ತನ್ನಿ ಎಂದು ಪ್ರಾಜೆಕ್ಟ್ ಕೊಟ್ಟಿದ್ದೆ. ಎಂಟು ಪುಸ್ತಕಗಳಲ್ಲಿ ಒಂದೇ ಪ್ಯಾರಾ ಇತ್ತು. ಅವುಗಳಲ್ಲಿ ಎರಡರಲ್ಲಿ "ಹೆಚ್ಚಿನ ಮಾಹಿತಿಗೆ ಇಲ್ಲಿ ಕ್ಲಿಕ್ ಮಾಡಿ" ಎಂಬ ಸಾಲನ್ನೂ ಮಕ್ಕಳು ದುಂಡಗಿನ ಅಕ್ಷರದಲ್ಲಿ, ತಪ್ಪಿಲ್ಲದೆ, ಅಂಚು ಬಿಟ್ಟು ನಕಲು ಮಾಡಿದ್ದರು. ಆ ಸಾಲು ನೋಡಿದಾಗ ಮನಸ್ಸಿಗೆ ಬಹಳ ನೋವಾಯಿತು. ಮಗು ಸೋಮಾರಿಯಾಗಿರಲಿಲ್ಲ, ಕಷ್ಟಪಟ್ಟು ಬರೆದಿತ್ತು. ಆದರೆ ಬರೆದದ್ದು ಯಾವುದೂ ಅದರ ತಲೆಯ ಮೂಲಕ ಹಾದುಹೋಗಿರಲಿಲ್ಲ.

ಹಳೆಯ ಪದ್ಧತಿಗೆ ಮರಳುವ ಮನಸ್ಸು ನನಗಿಲ್ಲ. ಆದರೆ ಈ ಸಲಕರಣೆಯನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ 1: ಭೌತಶಾಸ್ತ್ರ ಉಪನ್ಯಾಸಕ

ಮೇಡಂ, ನೀವು ಕೊಟ್ಟ ಉದಾಹರಣೆಯಲ್ಲಿಯೇ ಉತ್ತರದ ಹೆಚ್ಚಿನ ಭಾಗ ಇದೆ. ಬಲ್ಬು ವಿದ್ಯುತ್ ಪ್ರವಾಹವನ್ನು "ತಿಂದುಹಾಕುತ್ತದೆ" ಎಂಬ ನಂಬಿಕೆ ಮಕ್ಕಳಲ್ಲಿ ಪಾಠಕ್ಕೆ ಮುಂಚೆಯೇ ಬೇರೂರಿರುತ್ತದೆ. ವಿಡಿಯೊ ನೋಡುವಾಗ ಅವರು ಆ ನಂಬಿಕೆಯನ್ನು ಪಕ್ಕಕ್ಕಿಟ್ಟು ನೋಡುವುದಿಲ್ಲ, ಅದರ ಕಣ್ಣಿನಿಂದಲೇ ನೋಡುತ್ತಾರೆ. ಹೀಗಾಗಿ ಎಷ್ಟು ಚೆಂದದ ಅನಿಮೇಶನ್ ಆದರೂ ಹಳೆಯ ಕಲ್ಪನೆಗೆ ಒಂದು ಪೆಟ್ಟೂ ಬೀಳುವುದಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ತರಗತಿಯಲ್ಲಿ ಮಾಡಿ ತೋರಿಸುವ ಭೌತಶಾಸ್ತ್ರದ ಪ್ರಯೋಗಗಳನ್ನು ಕೆಲವರು ಸುಮ್ಮನೆ ನೋಡಿದರು. ಕೆಲವರು ಏನಾಗಬಹುದೆಂದು ಮೊದಲೇ ಊಹಿಸಿ ಆಮೇಲೆ ನೋಡಿದರು. ಇನ್ನು ಕೆಲವರು ಊಹಿಸಿ, ನೋಡಿ, ಪಕ್ಕದವರೊಡನೆ ಚರ್ಚಿಸಿದರು. ಸುಮ್ಮನೆ ನೋಡಿದವರ ತಿಳಿವಳಿಕೆಗೂ ಪ್ರಯೋಗವನ್ನೇ ನೋಡದಿದ್ದವರ ತಿಳಿವಳಿಕೆಗೂ ಹೆಚ್ಚಿನ ಅಂತರವೇ ಕಾಣಲಿಲ್ಲ. ಊಹಿಸಿದವರು ಸ್ಪಷ್ಟವಾಗಿ ಮುಂದಿದ್ದರು. ಕಣ್ಣೆದುರು ನಡೆದ ನಿಜವಾದ ಪ್ರಯೋಗದ ಸ್ಥಿತಿಯೇ ಇದಾದರೆ, ಪರದೆಯ ಮೇಲಿನ ವಿಡಿಯೊಗೆ ಬೇರೆ ಗತಿ ಇರುವುದಿಲ್ಲ.

ಆದ್ದರಿಂದ ಪರದೆಯನ್ನು ಬಿಡಬೇಕಾಗಿಲ್ಲ. ಪರದೆ ಉತ್ತರ ಹೇಳುವ ಮುಂಚೆ ಪ್ರತಿಯೊಂದು ಮಗುವೂ ತನ್ನ ಉತ್ತರವನ್ನು ಕಾಗದದ ಮೇಲೆ ಬರೆದಿರಬೇಕು ಎಂಬ ಒಂದು ನಿಯಮ ಸಾಕು. ನಾನು ಮಾಡುವ ಕ್ರಮವನ್ನು ಹೇಳುತ್ತೇನೆ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ, ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು ಹುಟ್ಟುಹಾಕಿದ ಫೆಟ್ ಯೋಜನೆಯ ಸಿಮ್ಯುಲೇಶನ್‌ಗಳು, ಅಂದರೆ ಪ್ರಯೋಗವನ್ನು ಪರದೆಯ ಮೇಲೆಯೇ ಮಾಡಿ ನೋಡುವ ತಂತ್ರಾಂಶಗಳು, ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ವಿದ್ಯುತ್ ಮಂಡಲ ಕಟ್ಟುವ ಒಂದು ಕಿಟ್ ಇದೆ. ಪರದೆಯ ಮೇಲೆ ಬ್ಯಾಟರಿ, ತಂತಿ ಮತ್ತು ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಸ್ವಿಚ್ಚನ್ನು ತೆರೆದೇ ಇಡುತ್ತೇನೆ. ಬಲ್ಬು ಇನ್ನೂ ಉರಿದಿರುವುದಿಲ್ಲ. ಮೂರು ಆಯ್ಕೆಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ: ಮೊದಲನೆಯದು ಹೆಚ್ಚು, ಎರಡನೆಯದು ಹೆಚ್ಚು, ಎರಡೂ ಸಮ. ಎರಡು ನಿಮಿಷ ಯಾರೂ ಮಾತನಾಡದೆ ಉತ್ತರವನ್ನೂ ಕಾರಣವನ್ನೂ ಬರೆಯಬೇಕು. ಆಮೇಲೆ ಒಂದು, ಎರಡು ಅಥವಾ ಮೂರು ಬೆರಳನ್ನು ಎದೆಯ ಹತ್ತಿರ ಹಿಡಿಯಲು ಹೇಳುತ್ತೇನೆ. ಕೈ ಮೇಲೆತ್ತಲು ಹೇಳಿದರೆ ಚುರುಕಾದ ಮಗುವಿನ ಕೈ ನೋಡಿ ಉಳಿದವರೂ ಎತ್ತುತ್ತಾರೆ. ಎದೆಯ ಹತ್ತಿರ ಹಿಡಿದಾಗ ಪ್ರತಿಯೊಬ್ಬರ ಉತ್ತರವೂ ನನಗೆ ಮಾತ್ರ ಕಾಣುತ್ತದೆ.

ಬೇರೆ ಬೇರೆ ಉತ್ತರ ಕೊಟ್ಟವರು ಜೋಡಿಯಾಗಿ ಕುಳಿತು ವಾದಿಸಬೇಕು. ಈ ಐದು ನಿಮಿಷದ ಗದ್ದಲವೇ ಪಾಠದ ಜೀವ. ಶಿಸ್ತಿನ ಹೆಸರಿನಲ್ಲಿ ಅದನ್ನು ಅಡಗಿಸಬೇಡಿ. ಅದಾದ ಮೇಲೆಯೇ ಸ್ವಿಚ್ಚು ಮುಚ್ಚುತ್ತೇನೆ. ಎರಡೂ ಬಲ್ಬು ಸಮನಾಗಿ ಉರಿದಾಗ ತರಗತಿಯಲ್ಲಿ ಏಳುವ ದನಿಯೇ ಬೇರೆ, ಏಕೆಂದರೆ ಆ ಕ್ಷಣದಲ್ಲಿ ತಪ್ಪಾದದ್ದು ಅವರವರ ಸ್ವಂತ ಊಹೆ. ಅಲ್ಲಿಗೇ ನಿಲ್ಲಿಸದೆ, ಪ್ರವಾಹವನ್ನು ಅಳೆಯುವ ಆಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಕೊನೆಯಲ್ಲಿ, ಹೀಗೆ ಮೂರು ಕಡೆ ಮಕ್ಕಳ ಕೈಯಿಂದಲೇ ಇಡಿಸುತ್ತೇನೆ. ಮೂರೂ ಕಡೆ ಒಂದೇ ಅಳತೆ ಬರುತ್ತದೆ. ಪ್ರವಾಹ "ಉಳಿದದ್ದು" ಎಂಬ ಮಾತಿಗೆ ಅಲ್ಲಿ ಜಾಗವಿರುವುದಿಲ್ಲ.

ನಿಜವಾದ ಬಲ್ಬು ಇರುವಾಗ ಸಿಮ್ಯುಲೇಶನ್ ಏಕೆ ಎಂದು ಕೆಲವರು ಕೇಳಬಹುದು. 2005ರಲ್ಲಿ ಪ್ರಕಟವಾದ ಕೊಲರಾಡೊದ ಒಂದು ಅಧ್ಯಯನದಲ್ಲಿ, ಪ್ರಯೋಗಾಲಯದ ತರಗತಿಯಲ್ಲಿ ಸಿಮ್ಯುಲೇಶನ್ ಬಳಸಿದ ವಿದ್ಯಾರ್ಥಿಗಳು ಆಮೇಲೆ ನಿಜವಾದ ತಂತಿ, ಬಲ್ಬುಗಳಿಂದ ಮಂಡಲ ಕಟ್ಟುವುದರಲ್ಲಿಯೂ ಅದನ್ನು ವಿವರಿಸುವುದರಲ್ಲಿಯೂ, ಮೊದಲಿನಿಂದ ನಿಜವಾದ ಸಾಮಗ್ರಿ ಬಳಸಿದವರಿಗಿಂತ ಮುಂದಿದ್ದರು. ಸಡಿಲವಾದ ತಂತಿ, ಮುಗಿದುಹೋದ ಬ್ಯಾಟರಿ, ಒಂದೇ ಬಗೆಯವು ಎಂದು ಕೊಂಡರೂ ಸ್ವಲ್ಪ ಭಿನ್ನವಾಗಿ ಉರಿಯುವ ಬಲ್ಬುಗಳು ಹೊಸದಾಗಿ ಕಲಿಯುವವರ ಗಮನವನ್ನು ಎಲ್ಲೆಲ್ಲಿಗೋ ಎಳೆಯುತ್ತವೆ. ಆದರೂ ನನ್ನ ಅಭಿಪ್ರಾಯದಲ್ಲಿ ಪಾಠ ನಿಜವಾದ ಬಲ್ಬಿನೊಂದಿಗೇ ಮುಗಿಯಬೇಕು. ಪರದೆಯ ಮೇಲೆ ತಿಳಿದದ್ದು ಕೈಗೆ ಬಂತೇ ಎಂಬುದು ಅಲ್ಲಿಯೇ ಗೊತ್ತಾಗುವುದು.


ಉತ್ತರ 2: ಶಾಲಾ ಗ್ರಂಥಪಾಲಕಿ

ನಿಮ್ಮ ಎರಡನೆಯ ಸಂಗತಿಯ ಬಗ್ಗೆ ಬರೆಯುತ್ತೇನೆ. "ಹುಡುಕಿ ಎರಡು ಪುಟ ಬರೆಯಿರಿ" ಎಂಬ ಕೆಲಸಕ್ಕೆ ನಕಲು ಮಾಡುವುದೇ ಅತ್ಯಂತ ನೇರವಾದ ದಾರಿ. ಮಕ್ಕಳು ನಾವು ಕೇಳಿದ್ದನ್ನೇ ಮಾಡಿದ್ದಾರೆ. ಯಾವುದೇ ಒಂದು ಪುಟದಲ್ಲಿ ಸಿದ್ಧವಾಗಿ ಸಿಗದ ಉತ್ತರವನ್ನು ಬೇಡುವಂತೆ ಪ್ರಶ್ನೆಯನ್ನು ಬದಲಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಉದಾಹರಣೆಗೆ, "ಶಾಲೆಯ ಆವರಣದಲ್ಲಿ ಮಳೆನೀರು ಹರಿದು ಮಣ್ಣು ಕೊಚ್ಚಿಹೋಗಿರುವ ಒಂದು ಜಾಗವನ್ನು ಗುರುತಿಸಿ, ಅಲ್ಲಿ ಏಕೆ ಹಾಗಾಗಿದೆ ಎಂಬುದಕ್ಕೆ ಎರಡು ಮೂಲಗಳಿಂದ ಕಾರಣ ಹುಡುಕಿ, ಆ ಎರಡು ಮೂಲಗಳು ಯಾವ ಅಂಶದಲ್ಲಿ ಒಪ್ಪುವುದಿಲ್ಲ ಎಂಬುದನ್ನು ಬರೆಯಿರಿ" ಎಂದು ಕೇಳಬಹುದು.

ಇನ್ನರ್ಧ ಸಮಸ್ಯೆ ಹುಡುಕುವ ವಿದ್ಯೆಗೆ ಸಂಬಂಧಿಸಿದ್ದು, ಅದನ್ನು ನಾವು ಕಲಿಸಿಯೇ ಇಲ್ಲ. 1998ರಿಂದ ಅಂತರ್ಜಾಲದಲ್ಲಿ ಒಂದು ತಾಣವಿದೆ. ಉತ್ತರ ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ಮರದ ಮೇಲೆ ಬದುಕುವ ಆಕ್ಟೋಪಸ್ ಇದೆ, ಅದು ಅಳಿವಿನ ಅಂಚಿನಲ್ಲಿದೆ ಎಂದು ಅದು ಗಂಭೀರವಾಗಿ ವಿವರಿಸುತ್ತದೆ. ಅಂಥ ಪ್ರಾಣಿಯೇ ಇಲ್ಲ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಆ ತಾಣವನ್ನು ಶಾಲಾ ಮಕ್ಕಳಿಗೆ ತೋರಿಸಿದಾಗ, ಅಂತರ್ಜಾಲ ಬಳಸುವುದರಲ್ಲಿ ಪಳಗಿದವರೆನಿಸಿಕೊಂಡ ಮಕ್ಕಳಲ್ಲಿ ಬಹುಪಾಲು ಅದನ್ನು ನಂಬಿದರು. ನಾನೂ ಪ್ರತಿ ವರ್ಷ ಅದನ್ನು ತರಗತಿಗೆ ತೋರಿಸುತ್ತೇನೆ. ಚಿತ್ರಗಳಿವೆ, ವೈಜ್ಞಾನಿಕ ಹೆಸರಿದೆ, ಆದ್ದರಿಂದ ನಿಜವಿರಬೇಕು ಎಂಬುದೇ ಮಕ್ಕಳ ತರ್ಕ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರು 2017ರ ತಮ್ಮ ಅಧ್ಯಯನದಲ್ಲಿ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು (ಮಾಹಿತಿ ನಿಜವೋ ಸುಳ್ಳೋ ಎಂದು ಪರಿಶೀಲಿಸುವವರು) ಮತ್ತು 25 ವಿದ್ಯಾರ್ಥಿಗಳು ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ನೋಡಿದರು. ಪದವಿ ಪಡೆದ ಇತಿಹಾಸಕಾರರೂ ವಿದ್ಯಾರ್ಥಿಗಳೂ ತಾಣದ ಒಳಗೇ ಇದ್ದು ಮೇಲಿನಿಂದ ಕೆಳಗೆ ಓದುತ್ತ, ಅದರ ಲಾಂಛನ, ವಿನ್ಯಾಸಗಳನ್ನು ನಂಬಿ ಮೋಸಹೋಗುತ್ತಿದ್ದರು. ಸತ್ಯಶೋಧಕರು ಮಾತ್ರ ಕೆಲವೇ ಕ್ಷಣಗಳಲ್ಲಿ ಆ ತಾಣವನ್ನು ಬಿಟ್ಟು, ಹೊಸ ಟ್ಯಾಬ್ ತೆರೆದು, "ಇದನ್ನು ನಡೆಸುವವರು ಯಾರು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ" ಎಂದು ಹುಡುಕುತ್ತಿದ್ದರು. ಈ ಅಭ್ಯಾಸವನ್ನು ಒಂದು ಪೀರಿಯಡ್‌ನಲ್ಲಿ ಆರಂಭಿಸಬಹುದು. ತಾಣದ ವಿಳಾಸ ಕೊಡಿ, ಮೂರು ನಿಮಿಷ ಕೊಡಿ, ಆ ತಾಣದ ಒಂದು ಸಾಲನ್ನೂ ಉಲ್ಲೇಖಿಸದೆ ಅದರ ಬಗ್ಗೆ ಎರಡು ವಾಕ್ಯ ಬರೆಯಲು ಹೇಳಿ. ಮೊದಲ ಬಾರಿ ಮಕ್ಕಳು ಕಂಗಾಲಾಗುತ್ತಾರೆ. ನಾಲ್ಕನೆಯ ಬಾರಿಗೆ ತಾವಾಗಿಯೇ ಹೊಸ ಟ್ಯಾಬ್ ತೆರೆಯುತ್ತಾರೆ.


ಉತ್ತರ 3: ಗಣಿತ ಶಿಕ್ಷಕ, ಇಪ್ಪತ್ತೆರಡು ವರ್ಷದ ಸೇವೆ

ಮೇಲಿನ ಎರಡೂ ಉತ್ತರಗಳಲ್ಲಿ ಕೆಲಸ ಮಾಡುತ್ತಿರುವುದು ಶಿಕ್ಷಕರ ಪ್ರಶ್ನೆಯೇ ಹೊರತು ಸಲಕರಣೆಯಲ್ಲ ಎಂಬುದನ್ನು ಗಮನಿಸಬೇಕು. ಸಲಕರಣೆ ಹಂಚಿದರೆ ಕಲಿಕೆ ತಾನಾಗಿ ಬರುತ್ತದೆ ಎಂಬ ಮಾತನ್ನು ನಾನು ಸೇವೆಗೆ ಸೇರಿದಾಗಿನಿಂದ ಕೇಳುತ್ತ ಬಂದಿದ್ದೇನೆ. ಪೆರು ದೇಶವು ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯಲ್ಲಿ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 319 ಗ್ರಾಮೀಣ ಶಾಲೆಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕಗಳು ಹೆಚ್ಚಿದ ಕುರುಹು ಸಿಗಲಿಲ್ಲ. ತರಗತಿಯ ತಂತ್ರಜ್ಞಾನಕ್ಕೆ ಭಾರಿ ಹಣ ಹೂಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಫಲಿತಾಂಶಗಳು ಗಮನಾರ್ಹವಾಗಿ ಸುಧಾರಿಸಿಲ್ಲ ಎಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ 2015ರ ವರದಿಯೂ ಹೇಳಿತು.

ಗಮನ ಚದುರುವುದು ಇನ್ನೂ ದೊಡ್ಡ ತೊಂದರೆ. ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಉಪನ್ಯಾಸದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸವನ್ನೂ ಮಾಡಿದವರ ಅಂಕ ಶೇ. 11ರಷ್ಟು ಕಡಿಮೆ ಬಂತು. ಅಂಥವರ ಪರದೆ ಕಣ್ಣಿಗೆ ಬೀಳುವಂತೆ ಹಿಂದೆ ಕುಳಿತು, ಕೈಯಲ್ಲಿ ಕಾಗದ, ಪೆನ್ನು ಮಾತ್ರ ಹಿಡಿದಿದ್ದವರ ಅಂಕ ಶೇ. 17ರಷ್ಟು ಕಡಿಮೆ ಬಂತು. ತಪ್ಪು ಮಾಡದ ಮಗುವಿಗೂ ನಷ್ಟವಾಗುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡುವ ವಿಷಯ. ಓದಿನ ವಿಚಾರಕ್ಕೆ ಬಂದರೆ, 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮಾಹಿತಿಯ ಬರಹಗಳನ್ನು ಪರದೆಗಿಂತ ಕಾಗದದಲ್ಲಿ ಓದಿದಾಗ, ಅದರಲ್ಲಿಯೂ ಸಮಯದ ಮಿತಿಯಿದ್ದಾಗ, ಹೆಚ್ಚು ಅರ್ಥವಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟೆ: ಪೀರಿಯಡ್‌ಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಪರದೆ ತೆರೆದಿಡಬೇಡಿ, ಮಕ್ಕಳ ಕೈಗೆ ಒಬ್ಬೊಬ್ಬರಿಗೊಂದು ಸಾಧನ ಕೊಡಬೇಡಿ, ಓದಬೇಕಾದದ್ದನ್ನು ಮುದ್ರಿಸಿಯೇ ಕೊಡಿ.


ಉತ್ತರ 4: ವಿಶೇಷ ಶಿಕ್ಷಣದ ಶಿಕ್ಷಕಿ

ಸರ್, ನಿಮ್ಮ ಅನುಭವದ ಬಗ್ಗೆ ಗೌರವವಿದೆ. ಅಧ್ಯಯನಗಳ ಬಗ್ಗೆಯೂ ತಕರಾರಿಲ್ಲ. ಆದರೆ "ಒಬ್ಬೊಬ್ಬರಿಗೊಂದು ಸಾಧನ ಕೊಡಬೇಡಿ" ಮತ್ತು "ಮುದ್ರಿಸಿಯೇ ಕೊಡಿ" ಎಂಬ ಮಾತುಗಳು ಎಲ್ಲ ಮಕ್ಕಳಿಗೂ ಒಪ್ಪುವುದಿಲ್ಲ. ನನ್ನ ಬಳಿ ಕಲಿಯುವ ಕಣ್ಣು ಕಾಣದ ಹುಡುಗನಿಗೆ ಮುದ್ರಿತ ಹಾಳೆ ಬರಿಯ ಹಾಳೆ. ಅವನು ಓದುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಮೂಲಕ. ಸ್ವತಃ ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯನ್ನರು ಕಟ್ಟಿ ಬೆಳೆಸಿದ ಉಚಿತ ತಂತ್ರಾಂಶವದು. ಪರದೆಯ ಮೇಲಿನ ಅಕ್ಷರಗಳನ್ನು ದನಿಯಾಗಿ ಹೇಳುತ್ತದೆ.

ಇಲ್ಲಿ ಶಿಕ್ಷಕರೆಲ್ಲರೂ ತಿಳಿದಿರಬೇಕಾದ ಒಂದು ಸಣ್ಣ ವಿಷಯವಿದೆ. ಸಹೋದ್ಯೋಗಿಯೊಬ್ಬರು ಪ್ರೀತಿಯಿಂದ ಅವನಿಗಾಗಿ ನೋಟ್ಸ್ ಸಿದ್ಧಪಡಿಸಿ ಕಳುಹಿಸಿದರು. ಪುಸ್ತಕದ ಪುಟಗಳ ಫೋಟೊ ತೆಗೆದು ಮಾಡಿದ ಪಿಡಿಎಫ್ ಅದಾಗಿತ್ತು. ಹುಡುಗ ಕಡತ ತೆರೆದು ಕಾದ. ಕಂಪ್ಯೂಟರ್ ಏನೂ ಹೇಳಲಿಲ್ಲ, ಏಕೆಂದರೆ ಅದರೊಳಗೆ ಇದ್ದುದು ಚಿತ್ರ, ಅಕ್ಷರಗಳಲ್ಲ. ಎರಡನೆಯ ಬಾರಿ ಟೈಪ್ ಮಾಡಿ ಕಳುಹಿಸಿದರು. ಆಗ ದನಿ ಬಂತು, ಆದರೆ ಕನ್ನಡವಾಗಿ ಬರಲಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರಿಂದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಒಂದರ ಹಿಂದೊಂದು ಕೇಳಿಬಂದವು. ಮೂರನೆಯ ಬಾರಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಶೀರ್ಷಿಕೆಗಳನ್ನು ಶೀರ್ಷಿಕೆಗಳೆಂದೇ ಗುರುತಿಸಿ, ಪ್ರತಿ ಚಿತ್ರಕ್ಕೆ ಒಂದು ವಾಕ್ಯದ ವಿವರಣೆ ಸೇರಿಸಿ ಕೊಟ್ಟಾಗ, ಅವನು ಪಾಠವನ್ನು ತಾನೇ ಓದಿ, ಬೇಕಾದ ಶೀರ್ಷಿಕೆಗೆ ಹಾರಿ ಹೋಗಿ, ಎರಡನೆಯ ಸಲ ಓದಿದ. ಯಾರನ್ನೂ ಕರೆಯದೆ ಓದಿದ್ದು ಅದೇ ಮೊದಲು. ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಬೇಕಾಗುವುದು ಸ್ವಲ್ಪ ಅಭ್ಯಾಸ ಮಾತ್ರ; ದಯವಿಟ್ಟು ಎಲ್ಲರೂ ಇದನ್ನು ರೂಢಿಸಿಕೊಳ್ಳಿ.

ಸಂಪರ್ಕ ಪದೇ ಪದೇ ಕಡಿದುಹೋಗುವ ಶಾಲೆಗಳವರಿಗೂ ಒಂದು ಮಾತು: ವಿಕಿಪೀಡಿಯವನ್ನು ಡೌನ್‌ಲೋಡ್ ಮಾಡಿಕೊಂಡು ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಇಂಟರ್ನೆಟ್ ಇಲ್ಲದೆಯೂ ಓದಬಹುದು. ಫೆಟ್ ಸಿಮ್ಯುಲೇಶನ್‌ಗಳನ್ನೂ ಹಾಗೆಯೇ ಉಳಿಸಿಟ್ಟುಕೊಳ್ಳಬಹುದು.


ಉತ್ತರ 5: ಗಣಿತ ಶಿಕ್ಷಕ, ಇಪ್ಪತ್ತೆರಡು ವರ್ಷದ ಸೇವೆ

ಮೇಡಂ, ನೀವು ಹೇಳಿದ್ದು ಸರಿ. ನನ್ನ ತರಗತಿಯಲ್ಲಿ ಅಂಥ ಮಗು ಇಲ್ಲದ್ದರಿಂದ ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. ನನ್ನ ಸಲಹೆಯಿಂದ ಆ ಎರಡು ಮಾತುಗಳನ್ನು ಹಿಂತೆಗೆದುಕೊಳ್ಳುತ್ತೇನೆ. ನನ್ನ ನೋಟ್ಸ್ ಎಲ್ಲವೂ ಹಳೆಯ ಫಾಂಟಿನಲ್ಲಿಯೇ ಇವೆ. ಅವುಗಳನ್ನು ಪರಿವರ್ತಿಸುವ ಕೆಲಸವನ್ನು ಈ ರಜೆಯಲ್ಲಿ ಕೈಗೆತ್ತಿಕೊಳ್ಳುತ್ತೇನೆ.

ಒಂದು ವಿಷಯ ಮಾತ್ರ ಸೇರಿಸಬೇಕು. ಈಗ ಮಕ್ಕಳು ಲೆಕ್ಕವನ್ನು ಚಾಟ್‌ಬಾಟ್‌ಗೆ ಕೊಟ್ಟು ಉತ್ತರ ಪಡೆಯುತ್ತಿದ್ದಾರೆ. ಟರ್ಕಿಯಲ್ಲಿ ಸುಮಾರು ಒಂದು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳೊಂದಿಗೆ ನಡೆದ ಪ್ರಯೋಗದಲ್ಲಿ, ಗಣಿತದ ಅಭ್ಯಾಸದ ವೇಳೆ ಸಾಮಾನ್ಯ ಚಾಟ್‌ಬಾಟ್ ಬಳಸಿದವರು ಅಭ್ಯಾಸದ ಲೆಕ್ಕಗಳನ್ನು ಬಹಳ ಚೆನ್ನಾಗಿ ಮಾಡಿದರು. ಆದರೆ ಅದನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಅದನ್ನು ಎಂದೂ ಬಳಸದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ನೆರವಿನಿಂದ ರೂಪಿಸಿದ ಚಾಟ್‌ಬಾಟ್ ಬಳಸಿದವರಲ್ಲಿ ಆ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ಉಪನ್ಯಾಸಕರು ಹೇಳಿದ ಸ್ವಿಚ್ಚಿನ ನಿಯಮ ಇಲ್ಲಿಗೂ ಅನ್ವಯಿಸುತ್ತದೆ: ಮಗು ತಾನು ಎಲ್ಲಿಯವರೆಗೆ ಬಂದಿದ್ದೇನೆ ಎಂಬುದನ್ನು ಪುಸ್ತಕದಲ್ಲಿ ತೋರಿಸಿದ ಮೇಲೆಯೇ ಯಂತ್ರವನ್ನು ಕೇಳಬೇಕು.


ಉತ್ತರ 6: ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಇನ್ನೊಂದು ವಿಭಾಗದಲ್ಲಿ ಅದೇ ಪಾಠವನ್ನು ವಿಡಿಯೊ ಇಲ್ಲದೆ, ಸಿಮ್ಯುಲೇಶನ್‌ನ ಸ್ವಿಚ್ಚು ತೆರೆದಿಟ್ಟು ಆರಂಭಿಸಿದೆ. ಬೆರಳುಗಳನ್ನು ನೋಡಿದಾಗ, ಎಂದೂ ಕೈ ಎತ್ತದ ಹಿಂದಿನ ಬೆಂಚಿನ ಇಬ್ಬರು "ಎರಡೂ ಸಮ" ಎಂದು ಸರಿಯಾಗಿ ತೋರಿಸಿದ್ದರು. ಅವರಿಗೆ ಗೊತ್ತಿದೆ ಎಂಬುದು ಇಷ್ಟು ದಿನ ನನಗೆ ಗೊತ್ತಿರಲಿಲ್ಲ. ವಾದದ ಗದ್ದಲ ಕೇಳಿ ಪಕ್ಕದ ತರಗತಿಯವರು ಬಂದು ಇಣುಕಿ ಹೋದರು. ಸ್ವಿಚ್ಚು ಮುಚ್ಚಿ, ಆಮ್ಮೀಟರನ್ನು ಮೂರು ಕಡೆ ಇಟ್ಟು ನೋಡುವಷ್ಟರಲ್ಲಿ ಪೀರಿಯಡ್ ಮುಗಿಯುತ್ತ ಬಂದಿತ್ತು. ನಿಜವಾದ ಬಲ್ಬಿಗೆ ಸಮಯ ಸಾಲಲಿಲ್ಲ.

ಆಗ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಬಲ್ಬು ಪ್ರವಾಹವನ್ನು ಮುಗಿಸುವುದೇ ಇಲ್ಲ ಎಂದಾದರೆ ಬ್ಯಾಟರಿ ಏಕೆ ಮುಗಿಯುತ್ತದೆ?" ಎಂದು ಕೇಳಿದಳು. ಪ್ರವಾಹ ಬೇರೆ, ಶಕ್ತಿ ಬೇರೆ ಎಂದು ಹೇಳಿಬಿಡಲು ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ಅವಳ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದು, ಅಳಿಸಬೇಡಿ ಎಂದು ಪಕ್ಕದಲ್ಲಿ ಸೂಚಿಸಿ ಬಂದಿದ್ದೇನೆ. ನಾಳೆ ಎಲ್ಲರೂ ತಮ್ಮ ಉತ್ತರವನ್ನು ಬರೆದುಕೊಂಡು ಬರಬೇಕು. ಅಲ್ಲಿಯವರೆಗೆ ಬೋರ್ಡನ್ನು ನಾನು ಆನ್ ಮಾಡುವುದಿಲ್ಲ.